ಕೊಡಿಲ್ಲಿ ಡಾಕ್ಟರಮ್ಮ

ಮೂಳೆ ವಿಭಾಗದಲ್ಲಿ ಹೆತ್ತವರು ಇಟ್ಟ ಹೆಸರು ಯಾರಿಗೂ ಉಳಿಯುವುದಿಲ್ಲ. ಬಂದು ಸೇರಿದ ಸ್ವಲ್ಪ ಕಾಲದಲ್ಲೇ ಒಂದು ಅಡ್ಡಹೆಸರು ಬೀಳುತ್ತದೆ; ಮುರಿದ ಮೂಳೆಗೆ ಹಾಕಿದ ಪ್ಲೇಟಿನಂತೆ ಅದು ಒಳಗೇ ಕಚ್ಚಿಕೊಂಡು ಕೂರುತ್ತದೆ, ಕಿತ್ತು ತೆಗೆಯಬೇಕೆಂದರೆ ಇನ್ನೊಂದು ಆಪರೇಷನ್ನೇ ಆಗಬೇಕು. ಈ ಡಾಕ್ಟರಮ್ಮನ ಪಾಲಿಗೆ ಅಂಥ ಎರಡು ಹೆಸರುಗಳು ಬಂದವು. ಕಲಿಯುವ ಕಾಲದಲ್ಲಿ ‘ಉಲ್ಟಾ’, ಕಲಿಸುವ ಕಾಲದಲ್ಲಿ ‘ಕೊಡಿಲ್ಲಿ’. ಮೊದಲನೆಯದು ಒಂದೇ ಬೆಳಗಿನ ಗಳಿಕೆ. ಎರಡನೆಯದನ್ನು ಆಕೆ ವರ್ಷಗಟ್ಟಲೆ ದುಡಿದು ಸಂಪಾದಿಸಿದರು.

ಮೊದಲ ಹೆಸರಿನ ಕಥೆಯನ್ನು ಆ ಆಸ್ಪತ್ರೆಯಲ್ಲಿ ಈಗಲೂ ಹೊಸಬರಿಗೆಲ್ಲ ಹೇಳುತ್ತಾರೆ. ವಿಭಾಗದ ಮುಖ್ಯಸ್ಥರು ಮೌನಿ ಸಾರ್. ಟ್ರೈನಿಯ ಕೈಗೆ ಚಾಕು ಕೊಟ್ಟರೆಂದರೆ ಅವರು ಕೈಗವಸು ತೊಟ್ಟ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಫೋಟೋ ಸ್ಟುಡಿಯೋದಲ್ಲಿ ನಿಂತ ಹೊಸ ಮದುಮಗನಂತೆ ನಿಂತುಬಿಡುತ್ತಿದ್ದರು. ರೋಗಿಗೆ ಅಪಾಯವಾಗುವ ಹಂತ ಬರುವವರೆಗೆ ಕೈಯೂ ಬಿಚ್ಚುತ್ತಿರಲಿಲ್ಲ, ಬಾಯಿಯೂ ಬಿಚ್ಚುತ್ತಿರಲಿಲ್ಲ. ಅಂಥವರೆದುರು ಡಾಕ್ಟರಮ್ಮನಿಗೆ ಮೊದಲ ಬಾರಿ ಡ್ರಿಲ್ ಸಿಕ್ಕಿತು. ಮಲಗಿದ್ದವನು ಕಣಕಾಲು ಮುರಿದುಕೊಂಡ ಒಬ್ಬ ಅಂಚೆಯವನು. ಡಾಕ್ಟರಮ್ಮ ಡ್ರಿಲ್ ಒತ್ತಿದರು; ಅದು ಗಿರ್ರೆಂದು ತಿರುಗಿತು, ಮೂಳೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇನ್ನೂ ಒತ್ತಿದರು. ತುದಿಗಾಲಿನ ಮೇಲೆ ನಿಂತು ಇಡೀ ಮೈಯ ಭಾರ ಹಾಕಿ ಒತ್ತಿದರು. ಸಣ್ಣಗೆ ಹೊಗೆ ಎದ್ದಿತು, ಸುಟ್ಟ ಕೂದಲಿನ ವಾಸನೆ ಬಂತು, ಸಿಸ್ಟರ್ ಒಮ್ಮೆ ಕೆಮ್ಮಿದರು. ಆಗ ಮೌನಿ ಸಾರ್ ಮೌನ ಮುರಿದರು.

“ಮೂಳೆ ತುಂಬಾ ಗಟ್ಟಿ ಅನ್ನಿಸ್ತಾ ಇದೆಯೇನಮ್ಮಾ?”

“ಹೌದು ಸಾರ್, ಕಬ್ಬಿಣ ಇದ್ದ ಹಾಗಿದೆ.”

“ಮೂಳೆ ಎಲ್ಲರ ಮೂಳೆ ಥರಾನೇ ಇದೆ. ನಿನ್ನ ಡ್ರಿಲ್ಲು ಮಾತ್ರ ವಾಪಸ್ ಮನೆಗೆ ಹೊರಟಿದೆ.”

ಡ್ರಿಲ್ಲಿಗೆ ಮುಂದಕ್ಕೆ ತಿರುಗುವ ಗುಂಡಿ ಒಂದು, ಹಿಂದಕ್ಕೆ ತಿರುಗುವ ಗುಂಡಿ ಒಂದು. ಹಿಂದಕ್ಕೆ ತಿರುಗುವ ಡ್ರಿಲ್ ಮೂಳೆಯನ್ನು ಕೊರೆಯುವುದಿಲ್ಲ, ಹುರಿಯುತ್ತದೆ. ಅಂಚೆಯವನಿಗೇನೂ ಕೆಡುಕಾಗಲಿಲ್ಲ, ಪಕ್ಕದಲ್ಲೇ ಬೇರೊಂದು ತೂತು ಕೊರೆದು ಕೆಲಸ ಮುಗಿಸಿದರು, ಅವನು ಎಂದಿನಂತೆ ನಾಯಿಗಳಿಂದ ಓಡಿ ತಪ್ಪಿಸಿಕೊಳ್ಳುವಷ್ಟು ಗುಣವಾದ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕ್ಯಾಂಟೀನು ‘ಉಲ್ಟಾ ಬಂದ್ಳು’ ಎನ್ನುತ್ತಿತ್ತು. ತಟ್ಟೆಯೆದುರು ಕೂತ ಡಾಕ್ಟರಮ್ಮ ಅಂದೇ ಪ್ರತಿಜ್ಞೆ ಮಾಡಿದರು: ಮುಂದೆ ನಾನು ಕಲಿಸುವ ದಿನ ಬಂದರೆ, ಯಾರನ್ನೂ ಹೀಗೆ ಹೊಗೆಯಲ್ಲಿ ನಿಲ್ಲಿಸಿ ತಮಾಷೆ ನೋಡುವುದಿಲ್ಲ.

ಪ್ರತಿಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಕೆಡುಕಿನ ಬೇರೂ ಅಲ್ಲೇ ಇತ್ತು. ಮೌನಿ ಸಾರ್ ಹೊಗೆ ಏಳುವವರೆಗೆ ಕಾಯುತ್ತಿದ್ದರೆ, ಡಾಕ್ಟರಮ್ಮ ಟ್ರೈನಿಯ ಹುಬ್ಬು ಏಳುವವರೆಗೂ ಕಾಯುತ್ತಿರಲಿಲ್ಲ. ಹುಡುಗ ಡ್ರಿಲ್ ಹಿಡಿದು ಅರೆಕ್ಷಣ ಯೋಚಿಸಿದನೋ, “ಕೊಡಿಲ್ಲಿ.” ಹುಡುಗಿ ಸ್ಕ್ರೂವಿನ ಅಳತೆಗೆ ಎರಡನೇ ಸಲ ಕಣ್ಣು ಹಾಯಿಸಿದಳೋ, “ಕೊಡಿಲ್ಲಿ.” ಒಬ್ಬ ಟ್ರೈನಿಯಂತೂ ಮೂಗು ತುರಿಸಿತೆಂದು ತುಸು ತಲೆಯಾಡಿಸಿದ್ದಕ್ಕೇ ಹೊಲಿಗೆಯ ಸೂಜಿ ಕಳೆದುಕೊಂಡ. ರೋಗಿಗಳು ಬೇಗ ಹೊರಬರುತ್ತಿದ್ದರು, ಎಕ್ಸ್-ರೇಗಳು ಪಠ್ಯಪುಸ್ತಕದ ಚಿತ್ರದಂತೆ ಇರುತ್ತಿದ್ದವು, ಸಿಸ್ಟರುಗಳು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದರು. ಎಲ್ಲರೂ ಸುಖಿಗಳು, ಕಲಿಯಲು ಬಂದವರ ಹೊರತು. ಅವರು ಮೇಜಿನ ಆಚೆ ಬದಿಯಲ್ಲಿ ನಿಂತು, ಪರರ ಮನೆಯ ಅಡುಗೆಯ ಘಮಲು ಕುಡಿದು ಹೊಟ್ಟೆ ತುಂಬಿಸಿಕೊಳ್ಳುವವರ ಹಾಗೆ, ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದರು.

ಈ ಗುಣ ಎಲ್ಲಿಂದ ಬಂತೆಂದು ಆಕೆಯ ತಾಯಿಯನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು: “ಅವರಪ್ಪನ ಕಾಲು, ಇವಳ ಕೈ. ಎರಡೂ ಒಂದೇ ಫ್ಯಾಕ್ಟರಿ ಮಾಲು.”

ಅಪ್ಪನದು ಡ್ರೈವಿಂಗ್ ಸ್ಕೂಲು. ಸ್ಕೂಲೆಂದರೆ ಒಂದು ಕಾರು, ಅದರ ನೆತ್ತಿಯ ಮೇಲೆ ಒಂದು ಬೋರ್ಡು, ಮುಂದಿನ ಎಡ ಸೀಟಿನಲ್ಲಿ ಅಪ್ಪ, ಅಪ್ಪನ ಕಾಲಡಿಯಲ್ಲಿ ಕಲಿಸುವವರಿಗೆಂದೇ ಇರಿಸಿದ ಎರಡನೇ ಬ್ರೇಕು. ಆ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು. ಕಲಿಯುವವರ ಪೆಡಲಿನ ರಬ್ಬರು ಅಂಗಡಿಯಿಂದ ತಂದಂತೆಯೇ ಇತ್ತು. ಎದುರಿಗೆ ಬಸ್ಸು ಕಂಡರೆ ಬ್ರೇಕ್, ಬಸ್ ಸ್ಟ್ಯಾಂಡ್ ಕಂಡರೆ ಬ್ರೇಕ್, ಮುಂದಿನ ತಿರುವಿನಲ್ಲಿ ಬಸ್ಸು ಬಂದೀತೆಂಬ ಶಂಕೆ ಬಂದರೂ ಬ್ರೇಕ್. ಊರಿನವರು ‘ಬ್ರೇಕ್ ಮೇಷ್ಟ್ರು’ ಎಂದರು. ಅವರಲ್ಲಿ ಕಲಿತವರು ಲೈಸೆನ್ಸ್ ಪರೀಕ್ಷೆಯಲ್ಲಿ ತಪ್ಪದೆ ಒಮ್ಮೆ ಡುಮ್ಕಿ ಹೊಡೆದು, ಆಮೇಲೆ ಪಕ್ಕದ ಬೀದಿಯ ಸ್ಕೂಲಿಗೆ ಹೋಗಿ ಪಾಸಾಗುತ್ತಿದ್ದರು. ಮೇಷ್ಟ್ರು ಮಾತ್ರ ಎದೆ ತಟ್ಟಿ ಹೇಳುತ್ತಿದ್ದರು: “ನನ್ನ ಕಾರಿಗೆ ಇವತ್ತಿನವರೆಗೂ ಒಂದು ಗೀರು ಬಿದ್ದಿಲ್ಲ!” ನಿಜವೇ. ಒಳಗೆ ಕೂತವರ ಹಲ್ಲುಗಳ ಬಗ್ಗೆ ಆ ಮಾತು ಹೇಳುವಂತಿರಲಿಲ್ಲ.

ಹೀಗಿರುವಾಗ ಡಾಕ್ಟರಮ್ಮನ ಕೈಕೆಳಗೆ ಏಣಿ ಎಂಬ ಟ್ರೈನಿ ಬಂದ. ಅಷ್ಟು ಉದ್ದ. ಅವನಿಗಾಗಿ ಆಪರೇಷನ್ ಮೇಜನ್ನು ಎತ್ತರಿಸಿದರೆ ಉಳಿದವರೆಲ್ಲ ಮಣೆ ಹಾಕಿಕೊಂಡು ನಿಲ್ಲಬೇಕಾಗುತ್ತಿತ್ತು. ಮಾತು ಕಡಿಮೆ, ಓದು ಹೆಚ್ಚು, ಕೈ ನಿಧಾನ. ಅದರಲ್ಲೂ ಸೊಂಟದ ಆಪರೇಷನ್ನಿನಲ್ಲಿ ಅವನ ನಿಧಾನ ನೋಡಿದರೆ ಬಸವನಹುಳುವೂ ಗಡಿಯಾರ ನೋಡಿಕೊಳ್ಳಬೇಕು.

ಆ ಆಪರೇಷನ್ನಿನ ಜೀವ ಇರುವುದು ಒಂದು ತೆಳು ತಂತಿಯಲ್ಲಿ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಕುತ್ತಿಗೆ, ಅದರಾಚೆಗೆ ಚೆಂಡಿನಂಥ ತಲೆ. ಕುತ್ತಿಗೆಯ ಬುಡ ಮುರಿದಾಗ, ತೊಡೆಯ ಹೊರಬದಿಯಿಂದ ಆ ಚೆಂಡಿನ ನಟ್ಟನಡುವಿಗೆ ಮೊದಲು ತಂತಿ ಹೋಗಬೇಕು. ತಂತಿ ಸರಿಯಾದರೆ ಅದರ ದಾರಿಯಲ್ಲೇ ದಪ್ಪ ಸ್ಕ್ರೂ, ಸ್ಕ್ರೂವಿಗೆ ಪ್ಲೇಟು. ತಂತಿ ಓರೆಯಾದರೆ ಮುಂದಿನದೆಲ್ಲ ಓರೆ. ರೋಗಿ ಎದ್ದು ಓಡಾಡತೊಡಗಿದ ಮೇಲೆ ಸ್ಕ್ರೂ ಮೂಳೆಯನ್ನು ಸೀಳಿಕೊಂಡು ಆಚೆ ಬರಬಹುದು. ಮೂಳೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಪಕ್ಕದ ಎಕ್ಸ್-ರೇ ಪರದೆ ನೋಡುತ್ತಲೇ ಕೈ ಆಡಿಸಬೇಕು. ಇಲ್ಲಿಗೆ ಬಂದಾಗಲೆಲ್ಲ ಏಣಿ ನಿಲ್ಲುತ್ತಿದ್ದ. ಪರದೆ ನೋಡುವನು, ತನ್ನ ಕೈ ನೋಡುವನು, ಮತ್ತೆ ಪರದೆ. ಮೂರನೆಯ ನೋಟಕ್ಕೆ ಮುಂಚೆ ಡಾಕ್ಟರಮ್ಮನ ಬಾಯಿಂದ ಮಾತು ಜಾರಿರುತ್ತಿತ್ತು.

ಒಂದು ದಿನ ಮೌನಿ ಸಾರ್ ಕಾರಿಡಾರಿನಲ್ಲಿ ಏಣಿಯನ್ನು ತಡೆದರು. ಡಾಕ್ಟರಮ್ಮನೂ ಜೊತೆಗಿದ್ದರು.

“ಸೊಂಟದ ಆಪರೇಷನ್ ಎಷ್ಟು ಮಾಡಿದೀಯಪ್ಪಾ, ನೀನೇ ಪೂರ್ತಿಯಾಗಿ?”

ಏಣಿ ಮೇಲಿನಿಂದ ನೆಲ ನೋಡಿದ. “ಮುಕ್ಕಾಲು ಭಾಗ ಅಂದ್ರೆ ತುಂಬಾ ಮಾಡಿದೀನಿ ಸಾರ್.”

“ಪೂರ್ತಿ?”

“ಇಲ್ಲ ಸಾರ್.”

ಮೌನಿ ಸಾರ್ ಅವನನ್ನು ಕಳುಹಿಸಿ ಡಾಕ್ಟರಮ್ಮನ ಕಡೆ ತಿರುಗಿದರು. ಅವರು ಒಟ್ಟೊಟ್ಟಿಗೆ ಅಷ್ಟು ಮಾತಾಡಿದ್ದನ್ನು ಆ ಕಾರಿಡಾರು ಹಿಂದೆಂದೂ ಕೇಳಿರಲಿಲ್ಲ. “ಈ ತಿಂಗಳ ಕೊನೆಗೆ ಅವನ ಪರೀಕ್ಷೆ. ಒಂದಾದ್ರೂ ಸೊಂಟ ಮೊದಲಿಂದ ಕೊನೆವರೆಗೆ ಅವನೇ ಮಾಡಿ ತೋರಿಸ್ಬೇಕು. ಇಲ್ಲದಿದ್ರೆ ಇನ್ನೊಂದು ವರ್ಷ ಇಲ್ಲೇ. ಅವನು ಇಲ್ಲೇ ಉಳಿದ್ರೆ ನಿನ್ನ ಹತ್ರ ಉಳಿಯಲ್ಲ. ನಿನಗೆ ಇನ್ಮೇಲೆ ಟ್ರೈನಿಗಳನ್ನ ಕೊಡಲ್ಲ. ನೀನು ಆಪರೇಷನ್ ಚೆನ್ನಾಗಿ ಮಾಡ್ತೀಯ, ಮಾಡ್ಕೊಂಡಿರು.”

ಆಪರೇಷನ್ ಮಾಡುವವರು ಆ ಊರಿನಲ್ಲಿ ಬೇಕಾದಷ್ಟಿದ್ದರು. ಕಲಿಸುವವಳು ಎಂಬ ಪಟ್ಟ ಡಾಕ್ಟರಮ್ಮನಿಗೆ ಕಣ್ಣಿಗಿಂತ ಹೆಚ್ಚು. ‘ಉಲ್ಟಾ’ ಎಂಬ ಹೆಸರನ್ನು ಒರೆಸಲೆಂದೇ ಆಕೆ ಅದಕ್ಕೆ ಹಂಬಲಿಸಿದ್ದರು. ಆ ವಾರ ಎರಡು ಸೊಂಟಗಳು ಬಂದವು. ಎರಡೂ ಸಲ ಹಲ್ಲುಕಚ್ಚಿ ನಿಂತರು, ಎರಡೂ ಸಲ ತಂತಿಯ ಹಂತದಲ್ಲಿ ಹಲ್ಲು ಬಿಟ್ಟುಕೊಟ್ಟವು. ಎರಡನೆಯ ಸಲವಂತೂ ಏಣಿ ಕೇಳುವ ಮೊದಲೇ ಡ್ರಿಲ್ಲನ್ನು ಚಾಚಿ, “ತಗೊಳ್ಳಿ ಮೇಡಂ” ಎಂದ. ಅದಕ್ಕಿಂತ ಬೈಗುಳವಾದರೂ ವಾಸಿಯಿತ್ತು.

ಮೂರನೆಯ ಸೊಂಟ ಸ್ವಂತ ಮನೆಯಿಂದಲೇ ಬಂತು.

ಕ್ಯಾಜುವಾಲ್ಟಿಯಿಂದ ಕರೆ ಬಂದು ಡಾಕ್ಟರಮ್ಮ ಇಳಿದು ಓಡಿದಾಗ ಬ್ರೇಕ್ ಮೇಷ್ಟ್ರು ಟ್ರಾಲಿಯ ಮೇಲೆ ಮಲಗಿದ್ದರು. ಎಡಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿತ್ತು. ಹೆಸರು ಕೇಳುವ ಮೊದಲೇ ಮೂಳೆ ಡಾಕ್ಟರು ಗುರುತಿಸುವ ಭಂಗಿ ಅದು. ಪಕ್ಕದಲ್ಲಿ ಅವರ ಶಿಷ್ಯ, ಒಬ್ಬ ಟೈಲರ್, ಕೊರಳಿನ ಅಳತೆ ಟೇಪಿನಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದ. ನಡೆದದ್ದು ಇಷ್ಟು: ಟೈಲರ್ ಕಾರನ್ನು ಗೋಡೆ ಬದಿಗೆ ನಿಲ್ಲಿಸುವುದು ಮೇಷ್ಟ್ರಿಗೆ ಸರಿಕಾಣಲಿಲ್ಲ. ಎಷ್ಟು ದೂರವಿದೆಯೆಂದು ತೋರಿಸಲು ತಾವೇ ಕೆಳಗಿಳಿದರು. ಕಾರು ಇನ್ನೂ ಪೂರ್ತಿ ನಿಂತಿರಲಿಲ್ಲ. ತೆರೆದ ಬಾಗಿಲು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಅವರನ್ನು ನೆಲಕ್ಕೆ ಒರಗಿಸಿತು.

“ನೋಡಿದ್ಯಾ?” ಅಪ್ಪ ನೋವಿನಲ್ಲೂ ವಿಜಯದ ಧಾಟಿಯಲ್ಲಿ ಹೇಳಿದರು. “ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬ್ರೇಕಿಂದ ಕಾಲು ತೆಗೆದೆ. ಒಂದೇ ಸಲ! ಏನಾಯ್ತು ನೋಡು!”

“ಅಯ್ಯೋ ಅಕ್ಕಾ,” ಎಂದ ಟೈಲರ್ ಡಾಕ್ಟರಮ್ಮನಿಗೆ ಕೈಮುಗಿದು, “ಒತ್ತಬಾರದು ಅಂತ ಅಲ್ಲ. ಬ್ರೇಕು ನಾನೇ ಒತ್ತಬೇಕು ಅನ್ನೋದು ನನಗೆ ಹೊಳೀಲೇ ಇಲ್ಲ. ಯಾವತ್ತೂ ಮೇಷ್ಟ್ರೇ ಒತ್ತೋರು.”

“ಕೊಬ್ಬು!” ಎಂದರು ಮೇಷ್ಟ್ರು.

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. ಒಂದೇ ಅಪಘಾತಕ್ಕೆ ಎರಡು ಸಾಕ್ಷಿಗಳು, ಎರಡೂ ಪರಸ್ಪರ ವಿರುದ್ಧ. ಎರಡನೆಯದು ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು. ತೆಗೆದು ನೋಡಲು ಆಗ ಪುರಸೊತ್ತು ಇರಲಿಲ್ಲ.

ಮೌನಿ ಸಾರ್ ಎಕ್ಸ್-ರೇ ಹಿಡಿದು ಬಂದು, “ಬಹಳ ಚೆಂದದ ಮುರಿತ” ಎಂದರು. ಮೂಳೆಯವರು ಹಾಗೇ; ಬೇರೆಯವರು ಮಗುವಿನ ಮೂಗಿಗೆ ಆಡುವ ಮಾತನ್ನು ಇವರು ಮುರಿದ ತೊಡೆಗೆ ಆಡುತ್ತಾರೆ. “ಕಲಿಯೋಕೆ ಹೇಳಿ ಮಾಡಿಸಿದ ಹಾಗಿದೆ. ನಾಳೆ ಬೆಳಿಗ್ಗೆ ಏಣಿ ಮಾಡ್ತಾನೆ.”

“ಸಾರ್!” ಡಾಕ್ಟರಮ್ಮನ ಧ್ವನಿ ಏರಿತು. “ಇದು ನಮ್ಮಪ್ಪ!”

“ಬರೋ ಪೇಷಂಟೆಲ್ಲಾ ಯಾರದ್ದೋ ಅಪ್ಪಾನೇ ಅಲ್ವೇನಮ್ಮಾ. ಅಪ್ಪನಿಗೆ ನೀನು ಆಪರೇಷನ್ ಮಾಡೋ ಹಾಗಿಲ್ಲ, ಅದು ನಿಯಮ. ನಾನು ಕೈ ತೊಳೆದು ಪಕ್ಕದಲ್ಲೇ ನಿಂತಿರ್ತೀನಿ. ಅವರನ್ನೇ ಕೇಳೋಣ.”

ಏಣಿಯನ್ನು ಟ್ರಾಲಿಯ ಬಳಿ ನಿಲ್ಲಿಸಿದರು. ಮಲಗಿದ್ದ ಮೇಷ್ಟ್ರು ಅವನ ಮುಖ ಹುಡುಕಲು ಕತ್ತು ಹಿಂದಕ್ಕೆ ಬಾಗಿಸಬೇಕಾಯಿತು.

“ಇಂಥದ್ದು ಎಷ್ಟು ಮಾಡಿದೀಯಪ್ಪಾ?”

ಏಣಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಮುಕ್ಕಾಲು ಭಾಗ ತುಂಬಾ ಮಾಡಿದೀನಿ.”

“ಉಳಿದ ಕಾಲು?”

“ಮೇಡಂ ಮಾಡ್ತಾರೆ.”

ಮೇಷ್ಟ್ರು ಮಗಳ ಕಡೆ ಒಮ್ಮೆ ನೋಡಿ, ವೃತ್ತಿಬಾಂಧವರ ನಡುವಿನ ಮೆಚ್ಚುಗೆಯಿಂದ ತಲೆದೂಗಿದರು. “ಒಳ್ಳೇದು, ಹಾಗೇ ಇರ್ಬೇಕು. ನೋಡಪ್ಪಾ, ನನ್ನ ಕಾಲಲ್ಲಿ ಮಾತ್ರ ಕಾಲು ಭಾಗ ಬಾಕಿ ಇಡ್ಬೇಡ. ದೊಡ್ಡ ಡಾಕ್ಟ್ರು ಪಕ್ಕದಲ್ಲಿ ನಿಂತಿರ್ತಾರೆ ಅಂದ್ರೆ ಆಗ್ಲಿ. ನನ್ನ ಸ್ಕೂಲೂ ಅದೇ ಪದ್ಧತಿ.”

ಅಪ್ಪನೇ ಒಪ್ಪಿದ ಮೇಲೆ ಮಗಳಿಗೆ ಉಳಿದದ್ದು ಒಂದೇ ಬೇಡಿಕೆ: ತಾನೂ ಒಳಗಿರಬೇಕು. ಮೌನಿ ಸಾರ್ ಒಂದು ಷರತ್ತು ಹಾಕಿದರು. “ಬಾ. ಆದ್ರೆ ಕೈ ತೊಳೀಬೇಡ.” ಆಪರೇಷನ್ ಥಿಯೇಟರಿನಲ್ಲಿ ಆ ಮಾತಿಗಿಂತ ಬಲವಾದ ಬೇಡಿಯಿಲ್ಲ. ಔಷಧದ ನೀರಿನಲ್ಲಿ ಕೈ ಉಜ್ಜಿ ತೊಳೆದು, ಗೌನು ತೊಟ್ಟವರಷ್ಟೇ ಮೇಜಿನ ಬಳಿ ಹೋಗಬಹುದು. ಉಳಿದವರು ಹಸಿರು ಬಟ್ಟೆಗೆ ಬೆರಳು ಸೋಕಿಸಿದರೂ ಎಲ್ಲವನ್ನೂ ಕಿತ್ತೆಸೆದು ಮೊದಲಿನಿಂದ ಶುರು ಮಾಡಬೇಕು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಒಳಗೆ ಬರುವಷ್ಟರಲ್ಲಿ ಎಲ್ಲ ಸಿದ್ಧವಾಗಿತ್ತು. ಅಪ್ಪನ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು. ತಲೆ, ಬಾಯಿ, ಅಭಿಪ್ರಾಯಗಳು ಪೂರ್ತಿ ಎಚ್ಚರದಲ್ಲಿದ್ದವು. ಎದೆಯ ಮೇಲೆ ಪರದೆಯಂತೆ ಎತ್ತಿ ಕಟ್ಟಿದ ಬಟ್ಟೆಯ ಈಚೆಗೆ ತಲೆ, ಆಚೆಗೆ ಆಪರೇಷನ್. ಅರಿವಳಿಕೆ ಡಾಕ್ಟರ್ ತಲೆಯ ಬಳಿ ಒಂದು ಸ್ಟೂಲ್ ಎಳೆದುಕೊಟ್ಟರು.

“ಬನ್ನಿ ಬನ್ನಿ, ಇವತ್ತು ನೀವು ನಮ್ಮ ಕಡೆ. ಬಡಗಿ ಕೆಲಸ ಆಚೆ ಕಡೆ, ಬುದ್ಧಿವಂತರು ಈಚೆ ಕಡೆ.”

ಅಪ್ಪ ಮಗಳ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಏನೇ, ಕಾಲು ಅಲ್ಲಾಡ್ತಾನೇ ಇಲ್ಲ. ಒತ್ತಿ ಒತ್ತಿ ನೋಡ್ದೆ. ಬ್ರೇಕ್ ಪೂರ್ತಿ ಫೇಲು.”

“ಸುಮ್ನಿರಪ್ಪಾ.”

“ಆ ಏಣಿ ಎಲ್ಲಿ? ಎಷ್ಟರಲ್ಲಿ ಹೋಗ್ತಿದಾನೆ?”

“ಫಸ್ಟ್ ಗೇರಲ್ಲಿ,” ಎಂದರು ಅರಿವಳಿಕೆ ಡಾಕ್ಟರ್.

“ಹಾಗಿದ್ರೆ ಪರ್ವಾಗಿಲ್ಲ.”

ಏಣಿ ತೊಡೆ ತೆರೆದ. ಸಣ್ಣ ರಕ್ತನಾಳಗಳನ್ನು ಕರೆಂಟಿನ ಕಡ್ಡಿಯಿಂದ ಸುಟ್ಟು ಮುಚ್ಚಿದಾಗ ಎಳೆ ಹೊಗೆ ಬಟ್ಟೆಯ ಮೇಲಿಂದ ತೇಲಿಬಂತು. ಮೇಷ್ಟ್ರ ಮೂಗು ಅರಳಿತು. “ಕ್ಲಚ್ ಪ್ಲೇಟ್! ಕ್ಲಚ್ ಸುಡ್ತಾ ಇದಾನೆ! ಯಾರಾದ್ರೂ ಹೇಳ್ರೋ ಅವನಿಗೆ, ಅರ್ಧ ಕ್ಲಚ್ಚಲ್ಲಿ ಓಡಿಸ್ಬೇಡ ಅಂತ!” ಆಚೆ ಕಡೆ ಸಿಸ್ಟರ್ ನಕ್ಕದ್ದು ಕೇಳಿಸಿತು. ಮೌನಿ ಸಾರ್ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು. ನಕ್ಕರೋ ಇಲ್ಲವೋ ಮಾಸ್ಕಿಗೇ ಗೊತ್ತು.

ಆಮೇಲೆ ತಂತಿಯ ಸರದಿ ಬಂತು.

ಎಕ್ಸ್-ರೇ ಪರದೆ ಡಾಕ್ಟರಮ್ಮನಿಗೆ ಎದುರಾಗಿಯೇ ಇತ್ತು. ಮೇಲಿನಿಂದ ತೆಗೆದ ಚಿತ್ರದಲ್ಲಿ ತಂತಿ ಸರಿಯಾಗಿ ಕಂಡಿತು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಅದರ ಮೊನೆ ಚೆಂಡಿನ ನಡುವನ್ನು ಬಿಟ್ಟು ಪರದೆಯ ಕೆಳಗಡೆಗೆ ಹೊರಟಿತ್ತು. ಏಣಿ ನಿಲ್ಲಿಸಿದ. ತಂತಿಯನ್ನು ಹಿಂದಕ್ಕೆ ತೆಗೆದ. ಮತ್ತೆ ಗುರಿ ಹಿಡಿದು ಮಣಿಕಟ್ಟನ್ನು ತುಸು ಕೆಳಗಿಳಿಸಿದ.

ಡಾಕ್ಟರಮ್ಮನ ರಕ್ತ ಕುದಿಯಿತು. ಇಂಥ ಚಿತ್ರ ಕಂಡಾಗ ಮಣಿಕಟ್ಟನ್ನು ಎತ್ತಬೇಕು. ನೂರಾರು ಸೊಂಟಗಳಲ್ಲಿ ಆಕೆ ಎತ್ತಿದ್ದಾರೆ, ಕಣ್ಣು ಮುಚ್ಚಿ ಎತ್ತಬಲ್ಲರು. ಇವನು ಇಳಿಸುತ್ತಿದ್ದಾನೆ. ಓರೆಯನ್ನು ಇನ್ನೂ ಓರೆ ಮಾಡುತ್ತಿದ್ದಾನೆ, ಅದೂ ಅಪ್ಪನ ಮೂಳೆಯಲ್ಲಿ. ಮೌನಿ ಸಾರ್ ಕಲ್ಲುಕಂಬದಂತೆ ನಿಂತಿದ್ದಾರೆ, ಮತ್ತೆ ಹೊಗೆ ಏಳಲೆಂದು ಕಾಯುತ್ತಿದ್ದಾರೆ. ಎದ್ದು ನುಗ್ಗಲು ಹೊರಟರು. ಕೈಗಳು ಅಪ್ಪನ ಮುಷ್ಟಿಯಲ್ಲಿದ್ದವು. ಬಾಯಿಗೆ ಮುಷ್ಟಿಯಿರಲಿಲ್ಲ.

“ಉಲ್ಟಾ ಹೋಗ್ತಿದೀಯ! ನಿಲ್ಸು! ಕೊಡಿಲ್ಲಿ!”

ಥಿಯೇಟರಿನಲ್ಲಿ ನಾಡಿ ಎಣಿಸುವ ಯಂತ್ರವೂ ಒಮ್ಮೆ ತಡೆದಂತಾಯಿತು. ಏಣಿ ನಿಲ್ಲಿಸಿದ. ಅಭ್ಯಾಸಬಲದಿಂದ ಡ್ರಿಲ್ ಹಿಡಿದ ಕೈ ಅರ್ಧದವರೆಗೆ ಚಾಚಿತು ಕೂಡ. ಅದನ್ನು ತೆಗೆದುಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಅವನು ಡ್ರಿಲ್ಲನ್ನು ನೋಡಿದ, ಪರದೆಯನ್ನು ನೋಡಿದ, ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ಇಲ್ಲ ಮೇಡಂ. ಕೊಡಲ್ಲ.”

“ಏನಂದೆ?”

“ಸರಿಯಾಗೇ ಹೋಗ್ತಿದೆ ಮೇಡಂ. ನೀವು ಬರೋ ಮೊದಲು ಚಿತ್ರ ತಿರುಗಿಸಿ ಹಾಕಿಸ್ಕೊಂಡೆ. ನಿಮ್ಮ ಚಿತ್ರದಲ್ಲಿ ತೊಡೆಯ ಮುಂಭಾಗ ಕೆಳಗೆ ಬರುತ್ತೆ, ಇದರಲ್ಲಿ ಮೇಲೆ ಇದೆ. ಕೈ ಇಳಿಸಿದ್ರೆ ಮೊನೆ ಮೇಲೆದ್ದು ನಡುವಿಗೆ ಬರುತ್ತೆ. ನೀವು ನೋಡ್ತಿರೋದು ಉಲ್ಟಾ.”

ಎಕ್ಸ್-ರೇ ಟೆಕ್ನಿಷಿಯನ್ ಯಂತ್ರದ ಹಿಂದಿನಿಂದ ಕತ್ತು ಚಾಚಿ, “ಹೌದು ಮೇಡಂ, ಡಾಕ್ಟ್ರು ಹೇಳಿದ್ರು, ತಿರುಗಿಸಿದೀನಿ” ಎಂದ. ಏಣಿ ತಂತಿಯನ್ನು ಒಳಕ್ಕೆ ನಡೆಸಿದ. ಟೆಕ್ನಿಷಿಯನ್ ಗುಂಡಿ ಒತ್ತಿದ. ಪರದೆಯಲ್ಲಿ ತಂತಿ ಚೆಂಡಿನ ನಟ್ಟನಡುವೆ, ದಾರ ಹಿಡಿದು ಗೆರೆ ಎಳೆದಂತೆ ಕೂತಿತ್ತು.

ಡಾಕ್ಟರಮ್ಮ ಮತ್ತೆ ಸ್ಟೂಲಿನ ಮೇಲೆ ಕೂತರು. ಕೈ ತೊಳೆದು ಬಂದಿದ್ದರೆ ಏನಾಗುತ್ತಿತ್ತೆಂಬುದು ಆಕೆಗೆ ಎಕ್ಸ್-ರೇ ಇಲ್ಲದೆಯೇ ಕಂಡಿತು. ಡ್ರಿಲ್ಲನ್ನು ಕಸಿದುಕೊಂಡು, ಮಣಿಕಟ್ಟನ್ನು ಎತ್ತಿ, ಅಪ್ಪನ ಮೂಳೆಯ ತಪ್ಪು ಬದಿಗೆ ಅತ್ಯಂತ ಆತ್ಮವಿಶ್ವಾಸದಿಂದ ತಂತಿ ಹೊಡೆದಿರುತ್ತಿದ್ದರು. ಏಣಿ ಸ್ಕ್ರೂ ತಿರುಗಿಸುವಾಗ ಬಟ್ಟೆಯ ಮೇಲಿಂದ ಕೇಳಿದರು:

“ಯಾಕೋ ತಿರುಗಿಸಿಕೊಂಡೆ?”

“ನಿಮ್ಮ ಚಿತ್ರ ನಂಗೆ ಯಾವಾಗಲೂ ಉಲ್ಟಾನೇ ಕಾಣ್ತಿತ್ತು ಮೇಡಂ. ಪ್ರತಿ ಸಲ ತಲೇಲಿ ತಿರುಗಿಸಿ ಆಮೇಲೆ ಕೈ ಆಡಿಸ್ಬೇಕಿತ್ತು. ಅದಕ್ಕೇ ತಡ ಆಗೋದು.”

“ಮತ್ತೆ ಒಂದು ದಿನವಾದ್ರೂ ಹೇಳೋಕೇನಾಗಿತ್ತು?”

“ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ಡ್ರಿಲ್ಲು ನಿಮ್ಮ ಕೈಲಿ ಇರ್ತಿತ್ತು.”

ಈ ಸಲ ಮೌನಿ ಸಾರ್ ನಕ್ಕದ್ದು ಮಾಸ್ಕಿನಾಚೆಗೂ ಕೇಳಿಸಿತು. ಮೇಷ್ಟ್ರು ಮಗಳ ಕೈ ಅದುಮಿ, “ಏನಂತೆ? ಗುದ್ದಿದ್ನಾ?” ಎಂದು ಕೇಳಿದರು.

“ಇಲ್ಲಪ್ಪಾ. ನಾನು ಗುದ್ದಿಸ್ತಿದ್ದೆ.”

“ಬ್ರೇಕ್ ಒತ್ಬೇಕಿತ್ತು.”

“ಒತ್ತಿದ್ದಕ್ಕೇ ಅಪ್ಪಾ.”

ಅದು ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅರಿವಳಿಕೆ ಮದ್ದಿನ ಪ್ರಭಾವವೆಂದು ತಿಳಿದು ಮಗಳ ಮೇಲೆ ಕನಿಕರಪಟ್ಟರು.

ಏಣಿ ಕೊನೆಯ ಹೊಲಿಗೆಯವರೆಗೂ ತಾನೇ ಹಾಕಿದ. ಬಸವನಹುಳುವಿನ ವೇಗದಲ್ಲಲ್ಲ, ಸೂಜಿ ಪೋಣಿಸಿ ಕೊಡುತ್ತ ನಿಂತಿದ್ದ ಸಿಸ್ಟರ್ ಗಡಿಯಾರ ನೋಡಿ ಹುಬ್ಬೇರಿಸಿದರಂತೆ. ಕೈಗವಸು ಕಳಚುತ್ತ ಮೌನಿ ಸಾರ್ ಹೊರಬಂದಾಗ ಡಾಕ್ಟರಮ್ಮ ತೊಟ್ಟಿಯ ಬಳಿ ಆಪರೇಷನ್ ಮುಟ್ಟದ ಕೈಗಳನ್ನೇ ತೊಳೆಯುತ್ತಿದ್ದರು.

“ಅವನದು ಆಯ್ತು,” ಎಂದರು ಸಾರ್. “ನಿನ್ನದು?”

“ನನ್ನ ಟ್ರೈನಿಗಳನ್ನ ಬೇರೆಯವರಿಗೆ ಕೊಟ್ಬಿಡಿ ಸಾರ್. ನಾನು ನೋಡಿದ್ದು ತಪ್ಪು, ಕೂಗಿದ್ದೂ ತಪ್ಪು.”

“ಎರಡೂ ನಿಜ.” ಅವರು ಕೈಗವಸುಗಳನ್ನು ಬುಟ್ಟಿಗೆ ಎಸೆದರು. “ಆದ್ರೆ ಮೇಡಂ ಕೂಗಿದ್ರೂ ಕೊಡಲ್ಲ ಅಂದನಲ್ಲ, ಅಂಥವನು ನಿನ್ನ ಕೈಕೆಳಗೇ ಬೆಳೆದದ್ದು. ಹೇಗೆ ಬೆಳೆದನೋ ದೇವರಿಗೇ ಗೊತ್ತು. ಇನ್ನೊಂದು ವರ್ಷ ನೋಡೋಣ.” ಎರಡು ಹೆಜ್ಜೆ ಹೋಗಿ ತಿರುಗಿದರು. “ನಿನಗೆ ಆವತ್ತು ಡ್ರಿಲ್ಲು ಹಿಂದಕ್ಕೆ ತಿರುಗ್ತಿದೆ ಅಂತ ನಾನೂ ಸ್ವಲ್ಪ ಬೇಗ ಹೇಳಬಹುದಿತ್ತು. ಅಂಚೆಯವನು ಪಾಪ, ಒಳ್ಳೆಯವನು.”

ಅಷ್ಟು ವರ್ಷಗಳ ಮೇಲೆ ಬಂದ ಆ ಮಾತು ಸರಿಯಾಗಿ ಕೇಳಿಸಲೆಂದು ಡಾಕ್ಟರಮ್ಮ ನಲ್ಲಿ ನಿಲ್ಲಿಸಿದರು.

ಬ್ರೇಕ್ ಮೇಷ್ಟ್ರು ಎದ್ದರು, ಕೋಲು ಹಿಡಿದು ನಡೆದರು, ಮನೆಯವರ ಮಾತು ಮೀರಿ ಕಾರು ಹತ್ತಿದರು. ಅವರ ಬ್ರೇಕಿನ ಕಾಲು ಎಡಗಾಲೇ; ಅದರಲ್ಲಿ ಜೋರಾಗಿ ಒತ್ತುವಂತಿರಲಿಲ್ಲವಾದ್ದರಿಂದ ಬಾಯಲ್ಲೇ “ಬ್ರೇಕ್! ಬ್ರೇಕ್!” ಎಂದು ಕೂಗುತ್ತ ಕಲಿಸಿದರು. ಟೈಲರ್ ಮೊದಲ ಸಲಕ್ಕೇ ಪರೀಕ್ಷೆ ಪಾಸಾದ. ಅದು ಆ ಸ್ಕೂಲಿನ ಚರಿತ್ರೆಯಲ್ಲೇ ಮೊದಲು. ಇದರಿಂದ ಮೇಷ್ಟ್ರು ಪಾಠ ಕಲಿತರೆಂದು ತಿಳಿಯಬಾರದು. ತಮ್ಮ ಗಂಟಲಿನ ಮಹಿಮೆಯೆಂದು ಬೀದಿಯಲ್ಲೆಲ್ಲ ಸಾರಿದರು. ಮೂಳೆ ಕೂಡಿಕೊಂಡ ದಿನವೇ ಪೆಡಲಿಗೆ ಹೊಸ ರಬ್ಬರು ಹಾಕಿಸಿದರು.

ಮಗಳು ಬದಲಾದರೇ ಎಂದರೆ, ಅರ್ಧ. ಈಗ ಆಪರೇಷನ್ನಿಗೆ ಮೊದಲು ಟ್ರೈನಿಯನ್ನು “ಚಿತ್ರ ಯಾವ ಕಡೆ ಬೇಕು ನಿನಗೆ?” ಎಂದು ಕೇಳುತ್ತಾರೆ. ಆಮೇಲೆ ಎರಡೂ ಕೈಗಳನ್ನು ಎದೆಯ ಮೇಲೆ ಹೆಣೆದುಕೊಳ್ಳುತ್ತಾರೆ, ಮೌನಿ ಸಾರ್ ಕೈಕಟ್ಟಿದಷ್ಟು ಹಗುರವಾಗಿ ಅಲ್ಲ. ಹಗ್ಗಜಗ್ಗಾಟಕ್ಕೆ ನಿಂತವರಂತೆ ಬೆರಳುಗಳು ಬಿಳಚಿಕೊಂಡಿರುತ್ತವೆ. ತಂತಿಯ ಹಂತ ಬಂದಾಗ ಬಾಯಿಂದ “ಕೊಡಿ” ಎಂಬಷ್ಟು ಹೊರಬಂದು, ಉಳಿದದ್ದು ಗಂಟಲಲ್ಲೇ ಉಳಿಯುತ್ತದೆ. ಹುಡುಗರು ಅದಕ್ಕೆ ಒಗ್ಗಿಕೊಂಡಿದ್ದಾರೆ. ಯಾರೂ ಕೊಡುವುದಿಲ್ಲ.

ಏಣಿ ಪರೀಕ್ಷೆ ಮುಗಿಸಿ ಅದೇ ವಿಭಾಗದಲ್ಲಿ ಕಿರಿಯ ಶಿಕ್ಷಕನಾದ. ಅವನ ಮೊದಲ ಟ್ರೈನಿ ಒಬ್ಬ ಗಿಡ್ಡ ಹುಡುಗಿ. ಅವಳು ಪ್ಲಾಸ್ಟರ್ ಕೋಣೆಯಲ್ಲಿ ಒಬ್ಬ ಮುದುಕನ ಮುರಿದ ಮಣಿಕಟ್ಟಿಗೆ ಒದ್ದೆ ಪಟ್ಟಿ ಸುತ್ತುತ್ತಿದ್ದಳು. ಒಂದು ಸುತ್ತು ಸಡಿಲವಾಯಿತೆಂದು ಬಿಚ್ಚಿ, ಮತ್ತೆ ಯೋಚಿಸುತ್ತ ನಿಂತಳು. ಬಾಗಿಲ ಬಳಿ ಹಾದುಹೋಗುತ್ತಿದ್ದ ಡಾಕ್ಟರಮ್ಮನ ಕಿವಿಗೆ, ಮೇಲಿನಿಂದ ಇಳಿದುಬಂದ ಒಂದು ಪರಿಚಿತ ಮಾತು ಬಿತ್ತು.

“ಕೊಡಿಲ್ಲಿ.”

ಡಾಕ್ಟರಮ್ಮ ಒಳಗೆ ಬಂದರು. ಏಣಿಯ ಎರಡೂ ಕೈಗಳನ್ನು ಹಿಡಿದು, ಅಪ್ಪ ತಮ್ಮ ಕೈ ಹಿಡಿದಿದ್ದಷ್ಟೇ ಬಿಗಿಯಾಗಿ ಹಿಡಿದು, ಮುದುಕನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು.

“ನೀನು ಸುತ್ತಮ್ಮಾ,” ಎಂದರು ಹುಡುಗಿಗೆ. “ಪ್ಲಾಸ್ಟರ್ ಒಣಗೋವರೆಗೂ ಇವನನ್ನ ನಾನು ಬಿಡಲ್ಲ.”